ದಿನಕ್ಕೆ 12 ಕಿ.ಮೀ. ನಡೆಯುವ ಪ್ರವಾಸಕ್ಕೆ ಶೂವೋ ಸ್ಯಾಂಡಲ್ಲೋ? ಅಮ್ಮನಿಗೆ ಹಿಮ್ಮಡಿ ನೋವು, ಅಪ್ಪನಿಗೆ ಶುಗರ್

ನೀರ್ಚಾಲು_ಬಯಲು

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಾನು, ಅಪ್ಪ, ಅಮ್ಮ ಮಹಾರಾಷ್ಟ್ರ ಕಡೆ ಹೋಗುವುದೆಂದು ನಿಶ್ಚಯ ಆಗಿದೆ. ಕೊಲ್ಲಾಪುರ, ಪಂಢರಪುರ, ತುಳಜಾಪುರ ಮುಗಿಸಿ ಎಲ್ಲೋರಾ, ಅಜಂತಾ. ವಾಹನ ಇದ್ದರೂ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ ಬಿದ್ದೇ ಬೀಳುತ್ತದೆ. ಟಿಕೆಟು, ರೂಮು ಎಲ್ಲ ಆಗಿದೆ. ಕಾಲಿಗೆ ಏನು ಹಾಕುವುದು ಎನ್ನುವುದೇ ಬಾಕಿ.

ಕೇಳಬೇಕಾದ್ದು ಇಷ್ಟು:

ನನ್ನ ಪಾದ ಅಗಲ. 8 ನಂಬರ್ ಹಾಕಿದರೆ ಕಿರುಬೆರಳು ಒತ್ತುತ್ತದೆ, 9 ಹಾಕಿದರೆ ಹಿಮ್ಮಡಿ ಎದ್ದು ಬರುತ್ತದೆ. ಕಾಸರಗೋಡು ಪೇಟೆಯಲ್ಲಿ ಕೇಳಿದಲ್ಲೆಲ್ಲ "ಮೆಮೊರಿ ಫೋಮ್ ಉಂಟು, ಭಾರೀ ಸಾಫ್ಟ್" ಎನ್ನುತ್ತಾರೆ. ಸಾಫ್ಟ್ ಇದ್ದರೆ ಸಾಕೇ?

ಅಮ್ಮನಿಗೆ 61. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವಾಗ ಹಿಮ್ಮಡಿ ನೋವು, ಹೆಬ್ಬೆರಳ ಬುಡದಲ್ಲಿ ಗಂಟು ಹೊರಗೆ ಬಂದಿದೆ. ಹಾಕುವುದು ಹವಾಯಿ ಮಾತ್ರ.

ಅಪ್ಪನಿಗೆ 67, ಶುಗರ್ ಬಂದು ತುಂಬ ವರ್ಷ ಆಯಿತು. ಪಾದ ಜೋಮು ಹಿಡಿದ ಹಾಗೆ ಎನ್ನುತ್ತಾರೆ. ಅವರ ಚರ್ಮದ ಉಂಗುಷ್ಟದ ಚಪ್ಪಲಿ ಬಿಟ್ಟು ಬೇರೆ ಹಾಕಲು ಮನಸ್ಸಿಲ್ಲ.

ದೇವಸ್ಥಾನಗಳಲ್ಲಿ ಬಿಚ್ಚುವುದು ಹಾಕುವುದು ಬೇರೆ. ಮತ್ತೆ, ಎರಡು ಮಳೆಗಾಲದಿಂದ ಕಪಾಟಿನಲ್ಲಿರುವ ಒಂದು ಜೊತೆ ಟ್ರೆಕ್ಕಿಂಗ್ ಶೂ ಉಂಟು. ಅದೇ ಆಗಬಹುದೇ?

---

ಬೇಕಲದ_ಬುರುಜು

ಮೊದಲು ನಿಮ್ಮ 8, 9ರ ವಿಷಯ. ನಿಮಗೆ ಕಡಿಮೆ ಬಿದ್ದಿರುವುದು ಉದ್ದ ಅಲ್ಲ, ಅಗಲ. ನಮ್ಮಲ್ಲಿ ನಡೆಯುವ ಯುಕೆ ನಂಬರಿನಲ್ಲಿ ಒಂದು ಸೈಜ್ ಎಂದರೆ ಅಂಗುಲದ ಮೂರನೇ ಒಂದು ಭಾಗ, ಹೆಚ್ಚುಕಡಿಮೆ 8.5 ಮಿ.ಮೀ. ನಂಬರ್ ಏರಿಸಿದಾಗ ಈ 8.5 ಮಿ.ಮೀ. ಪೂರ್ತಿ ಉದ್ದಕ್ಕೆ ಹೋಗುತ್ತದೆ, ಅಗಲ ಸ್ವಲ್ಪವೇ ಹೆಚ್ಚುತ್ತದೆ. ಹಾಗಾಗಿ 9ರಲ್ಲಿ ಕಿರುಬೆರಳಿಗೆ ಅಷ್ಟಕ್ಕಷ್ಟೇ, ಹಿಮ್ಮಡಿ ಮಾತ್ರ ಸಡಿಲ. ಗಂಡಸರ ಶೂಗಳ ಸಾಮಾನ್ಯ ಅಗಲಕ್ಕೆ "ಡಿ" ಎನ್ನುತ್ತಾರೆ. ಅದಕ್ಕಿಂತ ಅಗಲದ್ದು 2ಇ, ಇನ್ನೂ ಅಗಲದ್ದು 4ಇ. ಅಂಗಡಿಯಲ್ಲಿ "8 ನಂಬರ್, ವೈಡ್, 2ಇ" ಎಂದೇ ಕೇಳಿ. ಇಲ್ಲವೆಂದರೆ ಎಂಟೂವರೆ ನೋಡಿ, ಹಿಮ್ಮಡಿಯನ್ನು ಲೇಸಿನಲ್ಲಿ ಬಿಗಿ ಮಾಡಬಹುದು.

ಪೇಟೆಗೆ ಹೋಗುವ ಮೊದಲು ಮನೆಯಲ್ಲಿ ಅಳತೆ ತೆಗೆಯಿರಿ. ಸಂಜೆ ತೆಗೆಯಬೇಕು, ಹಗಲಿಡೀ ಓಡಾಡಿದ ಮೇಲೆ ಪಾದ ಊದಿರುತ್ತದೆ. ಎ4 ಹಾಳೆಯ ಅಂಚನ್ನು ಗೋಡೆಗೆ ತಾಗಿಸಿ ನೆಲಕ್ಕೆ ಅಂಟಿಸಿ. ಪ್ರವಾಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಹಿಮ್ಮಡಿ ಗೋಡೆಗೆ ಮುಟ್ಟಿಸಿ, ಮೈಭಾರ ಆ ಕಾಲಿನ ಮೇಲೆ ಬಿಟ್ಟು ನಿಲ್ಲಿ. ಗೆರೆ ಇನ್ನೊಬ್ಬರು ಎಳೆಯಲಿ, ಪೆನ್ಸಿಲ್ ನೆಟ್ಟಗೆ ಇರಲಿ. ಕೂತುಕೊಂಡು ಎಳೆದ ಗೆರೆ ಪ್ರಯೋಜನಕ್ಕಿಲ್ಲ, ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಎರಡೂ ಕಾಲು ತೆಗೆಯಿರಿ, ಸಮ ಇರುವುದು ಅಪರೂಪ. ಶೂ ದೊಡ್ಡ ಕಾಲಿಗೆ.

ಆ ಹಾಳೆಯನ್ನು ಪಾದದ ಆಕಾರಕ್ಕೆ ಕತ್ತರಿಸಿ ಅಂಗಡಿಗೆ ಕೊಂಡುಹೋಗಿ. ಶೂವಿನ ಒಳಗಿನ ಇನ್ಸೋಲ್ ಹೊರಗೆ ಎಳೆದು (ಒಳ್ಳೆಯ ಶೂಗಳಲ್ಲಿ ಸಾಧಾರಣವಾಗಿ ಅಂಟಿಸಿರುವುದಿಲ್ಲ) ಅದರ ಮೇಲೆ ನಿಮ್ಮ ಹಾಳೆ ಇಡಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಇನ್ಸೋಲ್ ಕಾಣಬೇಕು. ಕೆಲವರಿಗೆ ಉದ್ದದ್ದು ಎರಡನೇ ಬೆರಳು, ಅದನ್ನು ಮರೆಯಬೇಡಿ. ಕಿರುಬೆರಳಿನ ಕಡೆ ಹಾಳೆ ಇನ್ಸೋಲಿನ ಅಂಚು ದಾಟಿದರೆ ಆ ಶೂ ಅಲ್ಲೇ ಬಿಡಿ. ಅದು ಎಷ್ಟೇ ಮೆತ್ತಗಿದ್ದರೂ ನಾಲ್ಕನೇ ಕಿಲೋಮೀಟರಿಗೆ ಕಚ್ಚುತ್ತದೆ. "ಹಾಕಿ ಹಾಕಿ ಸರಿಯಾಗ್ತದೆ" ಎನ್ನುವ ಮಾತು ಚರ್ಮಕ್ಕೆ ಸ್ವಲ್ಪ ಹೊಂದುತ್ತದೆ, ಅದೂ ಅಗಲಕ್ಕೆ ಮಾತ್ರ. ಉದ್ದ ಯಾವ ಶೂವೂ ಹಿಗ್ಗುವುದಿಲ್ಲ.

ಮೆಮೊರಿ ಫೋಮ್ ಎಂದರೆ ಇನ್ಸೋಲಿನ ಮೇಲಿನ ಕೆಲವು ಮಿ.ಮೀ. ಪದರ. ಅಂಗಡಿಯ ಎರಡು ನಿಮಿಷಕ್ಕೆ ಅದು ಸುಖ, ನಡೆಯುತ್ತಾ ಬಿಸಿಯೇರಿದ ಹಾಗೆ ಒತ್ತಿ ಚಪ್ಪಟೆ ಆಗುತ್ತದೆ. ನಿಜವಾಗಿ ಭಾರ ಹೊರುವುದು ಅದರ ಕೆಳಗಿನ ಮಿಡ್‌ಸೋಲ್, ಅಂದರೆ ಮೇಲ್ಭಾಗಕ್ಕೂ ಅಟ್ಟೆಗೂ ನಡುವಿನ ದಪ್ಪ ಪದರ. ಅದು ಅತಿ ಮೆತ್ತಗಿದ್ದರೆ ಹೆಜ್ಜೆಹೆಜ್ಜೆಗೂ ಪಾದ ಓಲಾಡುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಮೀನಖಂಡ ಕೆಲಸ ಮಾಡುತ್ತಲೇ ಇರಬೇಕು. ಸಂಜೆಯ ಕಾಲುನೋವಿನಲ್ಲಿ ಇದರ ಪಾಲು ದೊಡ್ಡದು.

ಕೈಯಲ್ಲಿ ಹಿಡಿದೇ ನೋಡಬಹುದಾದ್ದು ಮೂರು. ತುದಿ ಮತ್ತು ಹಿಮ್ಮಡಿ ಹಿಡಿದು ಮಡಚಿ: ಬೆರಳುಗಳ ಬುಡ ಬರುವ ಜಾಗದಲ್ಲಿ ಬಗ್ಗಬೇಕು, ನಟ್ಟನಡುವೆ ಮುರಿದ ಹಾಗೆ ಮಡಚಿಕೊಂಡರೆ ಬೇಡ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ: ಸ್ವಲ್ಪ ತಿರುಗಿ ನಿಲ್ಲಬೇಕು. ಹಿಮ್ಮಡಿಯ ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ: ಒಳಗೆ ಕುಸಿಯಬಾರದು. ಆಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದು ನೋಡಿ. ಸಮತಟ್ಟಿನ ಕಾರ್ಪೆಟಿನಲ್ಲಿ ಎಲ್ಲ ಶೂವೂ ಒಳ್ಳೆಯದೇ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದರೆ ಎಲ್ಲೋರಾದ ಮೆಟ್ಟಿಲಲ್ಲಿ ಉಗುರು ಕಪ್ಪಾಗುವುದು ಖಂಡಿತ.

ಹೊರಡುವ ಮೂರು ವಾರ ಮೊದಲಾದರೂ ತೆಗೆದುಕೊಳ್ಳಿ. ಮೊದಲ ಮೂರು ನಾಲ್ಕು ದಿನ ಮನೆಯೊಳಗೆ ಗಂಟೆ ಎರಡು ಗಂಟೆ. ಒಳಗೇ ಹಾಕಿದ್ದರೆ ಬದಲಿಸಿ ಕೊಡಲು ಅಂಗಡಿಯವರೂ ತಕರಾರು ಮಾಡುವುದಿಲ್ಲ. ಆಮೇಲೆ 3 ಕಿ.ಮೀ., 5 ಕಿ.ಮೀ. ಕೊನೆಯ ವಾರದಲ್ಲಿ ಒಂದು ದಿನ ಬೆನ್ನಿಗೆ ಬ್ಯಾಗ್ ಹಾಕಿ 8 ಕಿ.ಮೀ. ಕಚ್ಚುವುದಿದ್ದರೆ ಊರಲ್ಲೇ ಕಚ್ಚಲಿ.

---

ಸೀತಾಂಗೋಳಿ_ಸೈಕಲ್

ಇಷ್ಟೆಲ್ಲ ಯಾಕೆ ಮಾರಾಯ್ರೆ? ದಿನಕ್ಕೆ ಆರು ಸಲ ಬಿಚ್ಚುವ ಪ್ರವಾಸಕ್ಕೆ ಶೂ ಹೇಳಿದ್ದಲ್ಲ. ಮೂರು ಪಟ್ಟಿಯ ಸ್ಯಾಂಡಲ್ ತೆಗೆದುಕೊಳ್ಳಿ: ಬೆರಳ ಬುಡಕ್ಕೆ ಒಂದು, ಪಾದದ ಮೇಲೆ ಒಂದು, ಹಿಮ್ಮಡಿಗೆ ಒಂದು, ಮೂರೂ ಬೇಕಾದ ಹಾಗೆ ಬಿಗಿ ಸಡಿಲ ಮಾಡುವಂಥದ್ದು. ಅಗಲ ಪಾದದ ತೊಂದರೆಯೇ ಇಲ್ಲ, ಗಾಳಿ ಆಡುತ್ತದೆ, ಒದ್ದೆಯಾದರೆ ಗಂಟೆಯಲ್ಲಿ ಒಣಗುತ್ತದೆ. ಹಿಂದಿನ ಪಟ್ಟಿ ಇಲ್ಲದ್ದು ಮಾತ್ರ ಬೇಡ. ಅದನ್ನು ಬೆರಳುಗಳೇ ಹಿಡಿದುಕೊಂಡು ನಡೆಯಬೇಕಾಗುತ್ತದೆ, ಸಂಜೆಗೆ ಕಾಲಿನ ಮುಂಭಾಗ ಎಲ್ಲ ನೋವು.

---

ಬೇಕಲದ_ಬುರುಜು

ಅರ್ಧ ಒಪ್ಪಿದೆ. ಸ್ಯಾಂಡಲಿಗೆ ಎರಡು ಕೊರತೆ. ಮಣ್ಣುದಾರಿಯಲ್ಲಿ ಚಿಕ್ಕ ಕಲ್ಲು ಪಾದದಡಿಗೆ ಬರುತ್ತಲೇ ಇರುತ್ತದೆ. ಒಣಹವೆಗೆ ಹಿಮ್ಮಡಿ ಒಡೆಯುತ್ತದೆ, ನಮ್ಮ ಕರಾವಳಿಯ ತೇವದಲ್ಲಿ ಗೊತ್ತಾಗದ್ದು ಅಲ್ಲಿಯ ಡಿಸೆಂಬರಿನಲ್ಲಿ ಎರಡೇ ದಿನಕ್ಕೆ ಗೊತ್ತಾಗುತ್ತದೆ.

ಒಂದೇ ಜೊತೆ ಎನ್ನುವ ಹಟ ಬಿಡಿ. ತಲೆಗೆ ಎರಡು ಜೊತೆ: ಒಂದು ಶೂ, ಒಂದು ಪಟ್ಟಿಯ ಸ್ಯಾಂಡಲ್. ನಡಿಗೆಯ ದಿನ ಶೂ, ದರ್ಶನದ ದಿನ ಸ್ಯಾಂಡಲ್. ಎರಡೂ ಒಂದೇ ಜಾಗದಲ್ಲಿ ಒತ್ತುವುದಿಲ್ಲ, ಒಂದು ಕಡೆ ಕೆಂಪಾದ ಚರ್ಮಕ್ಕೆ ಮಾರನೆಯ ದಿನ ವಿರಾಮ ಸಿಗುತ್ತದೆ. ಬೆವರಿದ ಶೂ ಒಳಗಿನಿಂದ ಒಣಗಲೂ ಒಂದು ದಿನ ಬೇಕು. ವೆಲ್ಕ್ರೋ ಪಟ್ಟಿ ಹಿಡಿಯದಿದ್ದರೆ ಅದು ಹಾಳಾಗಿದೆ ಎಂದಲ್ಲ, ಕೊಕ್ಕೆಯ ಬದಿಯಲ್ಲಿ ನೂಲು ಧೂಳು ತುಂಬಿದೆ ಎಂದು. ಹಳೆ ಟೂತ್‌ಬ್ರಶ್ಶಿನಿಂದ ತಿಕ್ಕಿದರೆ ಮತ್ತೆ ಹಿಡಿಯುತ್ತದೆ.

---

ಅಕ್ಕಲಕೋಟಿ_ಹಾದಿ

ನಮ್ಮ ಕಡೆನೇ ಬರಾಕತ್ತೀರಿ, ಹಂಗಾಗಿ ಜಾಗದ ಲೆಕ್ಕದಾಗ ಹೇಳ್ತೀನ್ರಿ.

ಪಂಢರಪುರದಾಗ ನಡಿಗೆಗಿಂತ ನಿಲ್ಲೋದೇ ಭಾಳ. ವಿಠ್ಠಲನ ದರ್ಶನದ ಸಾಲು ಗಂಟೆಗಟ್ಲೆ ಹೋಗ್ತದ, ಅದೂ ಬರಿಗಾಲಿಲೆ. ಏಕಾದಶಿ ಬಿಟ್ಟು ಹೋಗ್ರಿ, ಕಾಲಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಿಂತಲ್ಲೇ ನಿಂತ್ರ ರಕ್ತ ಕಾಲಿಗಿಳಿದು ಊದ್ತದ. ಆಗಾಗ ಹಿಮ್ಮಡಿ ಎತ್ತಿ ತುದಿಗಾಲಿಲೆ ನಿಂತು ಇಳೀರಿ, ಹತ್ತು ಹದಿನೈದು ಸಲ. ತುಳಜಾಪುರದಾಗ ಗುಡಿ ಕೆಳಗದ, ಮೆಟ್ಟಿಲ ಇಳಿದು ಹೋಗಬೇಕು. ಕೊಲ್ಲಾಪುರ ಸೇರಿ ಈ ಮೂರೂ ಊರಿಗೆ ಸ್ಯಾಂಡಲ್ ಸಾಕು.

ಎಲ್ಲೋರಾದಾಗ 34 ಗುಹೆ, ಎರಡು ಕಿಲೋಮೀಟರ್ ಉದ್ದಕ್ಕ ಹರಡ್ಯಾವ. ಕಪ್ಪು ಬಸಾಲ್ಟ್ ಕಲ್ಲು, ಶತಮಾನಗಟ್ಲೆ ಜನ ತುಳಿದ ಮೆಟ್ಟಿಲು ನುಣುಪಾಗ್ಯಾವ. ಇಲ್ಲಿ ರಬ್ಬರ್ ಅಟ್ಟೆ ಬೇಕೇ ಬೇಕು. ಈಗ ಹಗುರ ಶೂ ಅಂತ ಭಾಳ ಬರ್ತಾವ, ಅವುಕ್ಕ ಕೆಳಗೂ ಬರೇ ಫೋಮ್ ಇರ್ತದ. ತಿರುಗಿಸಿ ಉಗುರು ಒತ್ತಿ ನೋಡ್ರಿ, ಗುರುತು ಉಳಿದ್ರ ಅದು ಫೋಮ್. ನುಣುಪು ಕಲ್ಲಿನ ಮ್ಯಾಲೆ ಜಾರ್ತದ, ಬೇಗ ಸವೀತದ. ಹಂಗಂತ ಕಾಡು ಹತ್ತೋ ಬೂಟಿನ ದೊಡ್ಡ ದೊಡ್ಡ ಹಲ್ಲಿನ ಅಟ್ಟೆನೂ ಬ್ಯಾಡ. ಗಟ್ಟಿ ಕಲ್ಲಿನ ಮ್ಯಾಲೆ ಹಲ್ಲಿನ ತುದಿ ಅಷ್ಟೇ ತಾಗ್ತದ, ಹಿಡಿತ ಕಮ್ಮಿ. ಸಣ್ಣ ಗೀರಿನ ಚಪ್ಪಟೆ ರಬ್ಬರ್ ಇದ್ರ ಸರಿ.

ಅಜಂತಾದಾಗ ಫರ್ದಾಪುರದ ಹತ್ರ ಗಾಡಿ ಬಿಟ್ಟು 4 ಕಿ.ಮೀ. ಬಸ್ಸಿನಾಗ ಹೋಗಬೇಕು, ಆಮ್ಯಾಲೆ ಮೆಟ್ಟಿಲು. ಚಿತ್ರ ಇರೋ ಗುಹೆಗೆ (1, 2, 16, 17) ಶೂ ಹೊರಗೆ ಬಿಡಬೇಕು. ಪ್ರತಿ ಸಲ ಲೇಸ್ ಬಿಚ್ಚಿ ಕಟ್ಟೋ ಬದಲು ಶೂವಿಗೆ ಇಲಾಸ್ಟಿಕ್ ಲೇಸ್ ಹಾಕ್ರಿ, ಗುಂಡಿ ಒತ್ತಿ ಎಳೆಯೋದು ಬರ್ತದ. ಲೇಸ್ ಬಿಚ್ಚದನ ಹಿಮ್ಮಡಿ ತುಳಿದು ಹಾಕೋ ಚಟ ಇದ್ರ ಎರಡೇ ದಿನಕ್ಕ ಹಿಂದಿನ ಗೋಡೆ ಮುರೀತದ, ಆಮ್ಯಾಲೆ ಗುಳ್ಳೆ. ಇನ್ನೊಂದು: ಅಜಂತಾ ಸೋಮವಾರ ಬಂದ್, ಎಲ್ಲೋರಾ ಮಂಗಳವಾರ ಬಂದ್. ಎರಡನ್ನೂ ಬೆನ್ನಿಗೆ ಬೆನ್ನು ಇಡಬ್ಯಾಡ್ರಿ, ನಡುವ ಒಂದು ದಿನ ಹಗುರ ಇರ್ಲಿ.

ಕೊಲ್ಲಾಪುರಕ್ಕ ಬಂದ ಮ್ಯಾಲೆ ಕೊಲ್ಲಾಪುರಿ ತಗೊಳ್ಳದೆ ಯಾರೂ ಹೋಗಂಗಿಲ್ಲ. ತಗೋರಿ, ಆದ್ರ ಅವತ್ತೇ ಹಾಕ್ಕೊಂಡು ಊರು ಸುತ್ತಬ್ಯಾಡ್ರಿ. ಗಿಡದ ತೊಗಟೆ ಕಾಯಿಯಿಂದ ಹದ ಮಾಡಿದ ಗಟ್ಟಿ ಚರ್ಮ ಅದು, ಅಟ್ಟೆನೂ ಚರ್ಮನೇ, ಮೆತ್ತೆ ಅನ್ನೋದು ಇಲ್ಲ. ಉಂಗುಷ್ಟಕ್ಕ, ಬಾರಿನ ಒಳಬದಿಗೆ ಎರಡು ಹನಿ ಔಡಲೆಣ್ಣೆ ತಿಕ್ಕಿ ರಾತ್ರಿ ಬಿಡ್ರಿ, ಅಟ್ಟೆಗೆ ಬ್ಯಾಡ. ಮನೆಯಾಗ ಅರ್ಧರ್ಧ ಗಂಟೆ, ಒಂದು ವಾರ. ತಗೊಳ್ಳುವಾಗ ಬಾರು ಒಂಚೂರು ಬಿಗಿನೇ ಇರ್ಲಿ, ಹಿಗ್ತದ. ನೀರು ಕುಡಿದ್ರ ಅಟ್ಟೆಯ ಪದರ ಬಿಚ್ಚಿಕೊಳ್ತಾವ, ನಿಮ್ಮ ಕಾಸರಗೋಡಿನ ಮಳೆಗಾಲಕ್ಕ ಅದು ಕಪಾಟಿನ ವಸ್ತು. ಭೌಗೋಳಿಕ ಗುರುತು ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗೆ ಕೂಡೇ ಸಿಕ್ಕದ. ಅಥಣಿ ಕಡೆ ಮಾಡಿದ್ದೂ ಅಸಲಿನೇ, ಕೊಲ್ಲಾಪುರದಾಗ ತಗೊಂಡ್ರ ಮಾತ್ರ ಅಸಲಿ ಅನ್ನಂಗಿಲ್ಲ.

ಚಪ್ಪಲಿ ಸ್ಟ್ಯಾಂಡಿನಾಗ ಮೂರೂ ಜೊತೆ ಒಂದೇ ಬಟ್ಟೆ ಚೀಲದಾಗ ಹಾಕಿ ಒಂದೇ ಟೋಕನ್ ತಗೋರಿ. ಸ್ಟ್ಯಾಂಡ್ ಇಲ್ಲದ ಕಡೆ ಎಡಗಾಲಿಂದು ಒಂದು ಮೂಲೆ, ಬಲಗಾಲಿಂದು ಇನ್ನೊಂದು ಮೂಲೆ. ಒಂಟಿ ಚಪ್ಪಲಿ ಯಾರೂ ಒಯ್ಯಂಗಿಲ್ಲ.

---

ಹೊಸೂರು_ನಡಿಗೆ

ನಿಮ್ಮ ತಂದೆಯವರ ವಿಷಯ ಬೇರೆಯೇ. ಉಳಿದವರಿಗೆ ಗುಳ್ಳೆ ಬಂದರೆ ನಾಲ್ಕು ದಿನದ ತೊಂದರೆ, ಅವರಿಗೆ ಅದೇ ಗುಳ್ಳೆ ಹುಣ್ಣಾಗಿ ತಿಂಗಳುಗಟ್ಟಲೆ ಹೋಗಬಹುದು. ಶುಗರ್ ಹಳೆಯದಾದಾಗ ಪಾದದ ನರ ಮಂಕಾಗುತ್ತದೆ, ಕಚ್ಚಿದ್ದು ಸುಟ್ಟದ್ದು ತಿಳಿಯುವುದಿಲ್ಲ. "ನನಗೇನೂ ನೋವಿಲ್ಲ" ಅಂದರೆ ಅದು ಸಮಾಧಾನದ ಮಾತಲ್ಲ.

ಇವತ್ತೇ ಮನೆಯಲ್ಲಿ ನೋಡಿ. ಅವರನ್ನು ಮಲಗಿಸಿ ಕಣ್ಣು ಮುಚ್ಚಿಸಿ. ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಮೆತ್ತಗೆ ಮುಟ್ಟಿ, ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡ ಅಥವಾ ಬಲ ಅಂತ ಹೇಳಲಿ. ಎರಡೂ ಕಾಲು ಸೇರಿ ಆರು ಬೆರಳು. ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಹೊರಡುವ ಮೊದಲು ಡಾಕ್ಟರಿಗೆ ಪಾದ ತೋರಿಸಲೇಬೇಕು. ಎಲ್ಲ ಗೊತ್ತಾದರೂ ಜೋಮು ಇದೆ ಅಂತೀರಲ್ಲ, ಒಮ್ಮೆ ತೋರಿಸಿ.

ಉಂಗುಷ್ಟದ ಚಪ್ಪಲಿ ಅವರಿಗೆ ಬೇಡವೇ ಬೇಡ. ಹೆಬ್ಬೆರಳ ಸಂದಿನಲ್ಲಿ ಉಜ್ಜಿ ಗಾಯ ಆಗುತ್ತೆ, ಅದು ಬಗ್ಗಿ ನೋಡಿದರೂ ಕಾಣದ ಜಾಗ. ಕೇಳಬೇಕಾದ್ದು ಎಂಸಿಆರ್ ಸ್ಯಾಂಡಲ್. ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರಿನ ಒಳಪದರ, ಕೆಳಗೆ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ, ವೆಲ್ಕ್ರೋ, ಮೊಳೆ ಇಲ್ಲ. ಡಯಾಬಿಟಿಸ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿದರೆ ಎಲ್ಲಿ ಸಿಗುತ್ತೆ ಅಂತ ಹೇಳುತ್ತಾರೆ. ಹಳೆಯದು ಇದ್ದರೆ ಹಿಮ್ಮಡಿ ಜಾಗ ಒತ್ತಿ ನೋಡಿ, ಕುಸಿದು ತೆಳ್ಳಗಾಗಿದ್ದರೆ ಹೊಸದು ಬೇಕು.

ಬರಿಗಾಲಲ್ಲಿ ಬಿಸಿಲ ಕಲ್ಲಿನ ಮೇಲೆ ನಡೆಯಬಾರದು. ದೇವಸ್ಥಾನದ ಅಂಗಳದ ಕಲ್ಲಿನಿಂದ ಸುಟ್ಟ ಪಾದ ನಮ್ಮ ದೇಶದ ಶುಗರ್ ಕ್ಲಿನಿಕ್ಕುಗಳಿಗೆ ಹೊಸದಲ್ಲ. ದರ್ಶನ ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಅಥವಾ ಸೂರ್ಯ ಮುಳುಗಿ ಕಲ್ಲು ಆರಿದ ಮೇಲೆ ಹೋಗಿ. ದಪ್ಪ ಬಿಳಿ ಸಾಕ್ಸ್ ಹಾಕಿಸಿ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತುವವರು ಬಿಸಿಲಿಗೆ ಸಾಕ್ಸ್ ಹಾಕುವುದು ಎಲ್ಲರೂ ನೋಡಿದ್ದೇ. ನುಣುಪು ನೆಲದಲ್ಲಿ ಸಾಕ್ಸ್ ಜಾರುತ್ತೆ, ಕೈ ಹಿಡಿದುಕೊಳ್ಳಿ. ಬಿಳಿ ಯಾಕೆಂದರೆ ರಕ್ತ, ಕೀವು ಸೋರಿದರೆ ತಕ್ಷಣ ಕಾಣಲಿ ಅಂತ.

ಹಾಕುವ ಮೊದಲು ಪ್ರತಿ ಸಲ ಒಳಗೆ ಕೈಯಾಡಿಸಿ, ಕಲ್ಲು ಮುಳ್ಳು ನೋಡಿ. ರಾತ್ರಿ ರೂಮಿನಲ್ಲಿ ಅಂಗಾಲು, ಬೆರಳ ಸಂದು ಟಾರ್ಚ್ ಹಾಕಿ ನೀವೇ ನೋಡಿ. ದಣಿದ ಕಾಲಿಗೆ ಅಂತ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡುವ ಅಭ್ಯಾಸ ಇದ್ದರೆ ನಿಲ್ಲಿಸಿ, ಬಿಸಿ ಎಷ್ಟು ಅಂತ ಅವರ ಪಾದಕ್ಕೆ ಗೊತ್ತಾಗಲ್ಲ. ಮೆಡಿಕಲ್ಲಿನಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಆಸಿಡ್ ಇರುತ್ತೆ, ಅದೂ ಅವರಿಗಲ್ಲ.

ಅಗಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚೆನ್ನೈಯ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ದೇಶದುದ್ದಕ್ಕೂ ಪಾದದ ಅಳತೆ ತೆಗೆದಾಗ ನಮ್ಮವರ ಪಾದ ಯೂರೋಪಿನವರದ್ದಕ್ಕಿಂತ ಅಗಲ ಅಂತಲೇ ಬಂತು. ನಮ್ಮದೇ "ಭ" ಎಂಬ ಅಳತೆ ಕ್ರಮವನ್ನು ಅವರು ಮುಂದಿಟ್ಟಿದ್ದು ಆ ಮೇಲೆ. ಕಿರುಬೆರಳು ಒತ್ತುವುದು ನಿಮ್ಮೊಬ್ಬರ ಪಾಡಲ್ಲ.

---

ನೀರ್ಚಾಲು_ಬಯಲು

ಭಾರೀ ಉಪಕಾರ ಆಯಿತು. ಅಪ್ಪನಿಗೆ ಮುಟ್ಟಿ ನೋಡಿದೆ, ಆರರಲ್ಲಿ ಎರಡು ಗೊತ್ತಾಗಲಿಲ್ಲ. ಡಾಕ್ಟರ ಹತ್ತಿರ ಹೋಗುವುದೇ. ಅಮ್ಮ "ಸೀರೆಗೆ ಶೂ ಹಾಕಿದರೆ ಜನ ನಗಾಡುತ್ತಾರೆ" ಎಂದು ಕೂತಿದ್ದಾರೆ. ನನಗೆ ಗುಳ್ಳೆ ಬೇಗ ಬರುತ್ತದೆ, ಅದಕ್ಕೆ ಮೊದಲೇ ಏನಾದರೂ ಮಾಡಲಿಕ್ಕುಂಟಾ?

---

ಆದೋನಿ_ಬಂಡೆದಾರಿ

ಅಮ್ಮನವರಿಗೆ ಲೇಸಿಲ್ಲದ ಕಪ್ಪು ಮೆಶ್ ಶೂ ತೋರಿಸಿ, ಸೀರೆಯ ಅಂಚಿನ ಕೆಳಗೆ ಕಾಣುವುದೇ ಇಲ್ಲ. ಅದೂ ಬೇಡ ಎಂದರೆ ಹಿಂಪಟ್ಟಿಯ ಸ್ಯಾಂಡಲ್, ಆದರೆ ಹಿಮ್ಮಡಿ ಭಾಗ ಮುಂಭಾಗಕ್ಕಿಂತ 8ರಿಂದ 10 ಮಿ.ಮೀ. ಎತ್ತರ ಇರಬೇಕು, ಪಾದದ ಒಳಬದಿಯ ಕಮಾನಿಗೆ ಗಟ್ಟಿ ಆಸರೆ ಇರಬೇಕು. ಬೆಳಗಿನ ಮೊದಲ ಹೆಜ್ಜೆಯ ನೋವು ಸಾಮಾನ್ಯವಾಗಿ ಅಂಗಾಲಿನ ಉದ್ದಕ್ಕೆ ಹೋಗುವ ದಪ್ಪ ನಾರಿನ ಪಟ್ಟಿ ಹಿಮ್ಮಡಿಗೆ ಸೇರುವ ಕಡೆಯದು. ಹವಾಯಿಯಲ್ಲಿ ಹಿಮ್ಮಡಿ, ಮುಂಗಾಲು ಒಂದೇ ಮಟ್ಟ, ಕಮಾನಿಗೆ ಏನೂ ಇಲ್ಲ, ಹೆಜ್ಜೆಹೆಜ್ಜೆಗೂ ಆ ಪಟ್ಟಿ ಎಳೆಯುತ್ತದೆ. ಹಾಸಿಗೆಯಿಂದ ಏಳುವ ಮೊದಲೇ ಟವೆಲ್ಲನ್ನು ಮುಂಗಾಲಿಗೆ ಸುತ್ತಿ ತನ್ನ ಕಡೆಗೆ ಎಳೆದು 30 ಸೆಕೆಂಡ್ ಹಿಡಿಯಲಿ, ಕಾಲಿಗೆ ಮೂರು ಸಲ. ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಐದು ನಿಮಿಷ ಉರುಳಿಸಲಿ. ರೂಮಿನ ಟೈಲ್ಸ್ ಮೇಲೂ ಬರಿಗಾಲು ಬೇಡ. ಹೆಬ್ಬೆರಳ ಗಂಟಿಗೆ ಹೊಲಿಗೆಯಾಗಲಿ ಪಟ್ಟಿಯ ಅಂಚಾಗಲಿ ತಾಗದ ಶೂ ನೋಡಿ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಅಲ್ಲಿ ಮೆತ್ತನೆ ಬಟ್ಟೆ ಮಾತ್ರ ಸಿಗಬೇಕು.

ಗುಳ್ಳೆಗೆ ಮೂರು ಕೂಡಬೇಕು: ತೇವ, ಬಿಸಿ, ಚರ್ಮದ ಒಳಪದರ ಮೇಲ್ಪದರ ಬೇರೆ ಬೇರೆ ಕಡೆಗೆ ಎಳೆಯುವುದು. ಒಂದನ್ನು ತಪ್ಪಿಸಿದರೂ ಬಹಳ ಕಡಿಮೆಯಾಗುತ್ತದೆ. ಶಾಲೆಯ ಬಿಳಿ ಹತ್ತಿ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಚೀಟಿ ಓದಿ, ಹತ್ತಿ ಅರ್ಧಕ್ಕಿಂತ ಕಡಿಮೆ ಇದ್ದು ಪಾಲಿಯೆಸ್ಟರ್ ಅಥವಾ ನೈಲಾನ್ ಹೆಚ್ಚಿರುವುದು ತೆಗೆದುಕೊಳ್ಳಿ. ದಿನಕ್ಕೆ ಎರಡು ಜೊತೆ, ಮಧ್ಯಾಹ್ನ ಊಟದ ಹೊತ್ತಿಗೆ ಬದಲಿಸಿ, ಆ ಹತ್ತು ನಿಮಿಷ ಪಾದಕ್ಕೂ ಗಾಳಿಯಾಡಲಿ. ಬೆರಳ ತುದಿಯ ಹೊಲಿಗೆ ಒತ್ತಿದರೆ ಸಾಕ್ಸನ್ನು ತಿರುವಿ ಹಾಕಿ, ಯಾರಿಗೂ ಕಾಣುವುದಿಲ್ಲ.

ನಿಮಗೆ ಬರುವ ಜಾಗ ನಿಮಗೆ ಗೊತ್ತಿರುತ್ತದೆ. ಅಲ್ಲಿಗೆ ಬೆಳಿಗ್ಗೆಯೇ, ಚರ್ಮ ಪೂರ್ತಿ ಒಣಗಿದ್ದಾಗ, ಒಂದಂಗುಲದ ಮೈಕ್ರೋಪೋರ್ ಟೇಪ್ ಹಚ್ಚಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಎದ್ದು ಬರುತ್ತದೆ. ವ್ಯಾಸಲೀನ್ ಹಚ್ಚುವವರು ಟೇಪ್ ಇಲ್ಲದ ಜಾಗಕ್ಕೆ ಮಾತ್ರ ಹಚ್ಚಬೇಕು. ನಡೆಯುವಾಗ ಒಂದು ಕಡೆ ಉರಿ ಶುರುವಾದರೆ "ಮುಂದಿನ ಗುಹೆ ನೋಡಿಕೊಂಡು" ಎನ್ನಬೇಡಿ. ಅಲ್ಲೇ ಕೂತು ಟೇಪ್ ಹಾಕಿ. ಉರಿಯಿಂದ ಗುಳ್ಳೆಗೆ ಹೆಚ್ಚು ಹೊತ್ತು ಬೇಡ.

ಬಂದೇಬಿಟ್ಟರೆ, ಚಿಕ್ಕದಾದರೆ ಒಡೆಯಬೇಡಿ. ದೊಡ್ಡದಾಗಿ ಹೆಜ್ಜೆ ಇಡಲಾಗದಿದ್ದರೆ ಮಾತ್ರ ಸ್ಪಿರಿಟ್ ಹಚ್ಚಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಮೇಲಿನ ಚರ್ಮ ಕೀಳಬಾರದು, ಅದೇ ಬ್ಯಾಂಡೇಜು. ಅಪ್ಪನವರಿಗೆ ಈ ಸೂಜಿ ಕೆಲಸ ಬೇಡ, ನೇರ ಡಾಕ್ಟರು.

ಎಂಟೂವರೆ ತೆಗೆದುಕೊಂಡು ಹಿಮ್ಮಡಿ ಎದ್ದರೆ ಲೇಸ್ ಹೀಗೆ. ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದು ತೂತು ಇರುತ್ತದಲ್ಲ, ಹೆಚ್ಚಿನವರು ಬಳಸುವುದೇ ಇಲ್ಲ. ಲೇಸನ್ನು ಅಡ್ಡ ದಾಟಿಸದೆ ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ತೂರಿಸಿ, ಹೊರಗೆ ಚಿಕ್ಕ ಕುಣಿಕೆ ಉಳಿಯಲಿ. ಇನ್ನೊಂದು ಬದಿಗೂ ಹಾಗೆಯೇ. ಈಗ ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕೆಳಮುಖವಾಗಿ ಎಳೆದು ಕಟ್ಟಿ. ಕಣಕಾಲು ಹಿಡಿಯುತ್ತದೆ, ಮುಂಗಾಲು ಸಡಿಲವಾಗಿಯೇ ಇರುತ್ತದೆ. ಇಲಾಸ್ಟಿಕ್ ಲೇಸಿನಲ್ಲಿ ಇದು ಇಷ್ಟು ಬಿಗಿ ಬರುವುದಿಲ್ಲ. ಎಲ್ಲೋರಾಕ್ಕೆ ಮಾಮೂಲಿ ಲೇಸ್, ಅಜಂತಾಕ್ಕೆ ಇಲಾಸ್ಟಿಕ್ ಎಂದು ಬದಲಿಸಿಕೊಳ್ಳಬಹುದು, ಐದು ನಿಮಿಷದ ಕೆಲಸ. ಉಗುರು ಹೊರಡುವ ಎರಡು ದಿನ ಮೊದಲು ನೇರಕ್ಕೆ ಕತ್ತರಿಸಿ.

---

ಮಂಜೇಶ್ವರ_ಮಳೆ

ಕಪಾಟಿನ ಟ್ರೆಕ್ಕಿಂಗ್ ಶೂವಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅದನ್ನು ನೇರ ಬ್ಯಾಗಿಗೆ ಹಾಕಬೇಡಿ.

ಅಂಥ ಶೂಗಳಲ್ಲಿ ಮಿಡ್‌ಸೋಲ್ ಹೆಚ್ಚಾಗಿ ಪಾಲಿಯುರಿಥೇನ್. ಗಾಳಿಯ ತೇವಕ್ಕೆ ಅದರ ಒಳಗಿನ ಬಂಧ ಕಳಚುತ್ತಾ ಬರುತ್ತದೆ, ಉಪಯೋಗಿಸದೆ ಇಟ್ಟರೂ ಆಗುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಅದಕ್ಕೆ ಸರಿಯಾದ ಹವೆ. ಹೊರಗೆ ಬೂಸ್ಟು ಬಂದರೆ ಒರೆಸಬಹುದು, ಇದು ಒಳಗಿನಿಂದ. ನೋಡಲು ಹೊಸದರ ಹಾಗೆ ಇರುತ್ತದೆ, ಎರಡು ಕಿಲೋಮೀಟರ್ ನಡೆದಾಗ ಅಟ್ಟೆ ಪೂರ್ತಿ ಕಳಚಿ ಬೀಳುತ್ತದೆ. ಬದಿಯ ಮಿಡ್‌ಸೋಲಿಗೆ ಹೆಬ್ಬೆರಳ ಉಗುರು ಒತ್ತಿ. ಪುಡಿ ಉದುರಿದರೆ, ಅಂಟಂಟಾದರೆ, ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಅದರ ಕತೆ ಮುಗಿದಿದೆ. ಅಂಟಿಸಿ ಪ್ರಯೋಜನ ಇಲ್ಲ, ಅಂಟು ಹಿಡಿಯಬೇಕಾದ ವಸ್ತುವೇ ಪುಡಿ.

ಮಿಡ್‌ಸೋಲ್ ಗಟ್ಟಿ ಇದ್ದು ಅಂಚಿನ ಅಂಟು ಮಾತ್ರ ಬಿಟ್ಟಿದ್ದರೆ ರಿಪೇರಿ ಆಗುತ್ತದೆ. ಹಳೆ ಅಂಟನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದು, ಎಸ್‌ಆರ್ ನಮೂನೆಯ ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳ್ಳಗೆ ಹಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಿ ಭಾರ ಇಡಿ. 24 ಗಂಟೆ ಮುಟ್ಟಬೇಡಿ. ಆಮೇಲೆ ಪೇಟೆಯ ಚಪ್ಪಲಿ ರಿಪೇರಿಯವರಲ್ಲಿ ಸುತ್ತಲೂ ಹೊಲಿಸಿದರೆ ಪ್ರವಾಸ ಮುಗಿಯುವವರೆಗೆ ಚಿಂತೆ ಇಲ್ಲ. ಕ್ಷಣದಲ್ಲಿ ಹಿಡಿಯುವ ಹನಿ ಅಂಟು ಇದಕ್ಕಾಗದು, ಗಾಜಿನಂತೆ ಗಟ್ಟಿಯಾಗಿ ಅಟ್ಟೆ ಬಗ್ಗಿದ ಕೂಡಲೇ ಒಡೆಯುತ್ತದೆ.

ಒದ್ದೆಯಾದ ಶೂ ಬಿಸಿಲಿಗೆ ಇಡುವುದು, ಒಲೆಯ ಹತ್ತಿರ ಇಡುವುದು ಎರಡೂ ಬೇಡ, ಅಂಟು ಸಡಿಲಾಗುತ್ತದೆ. ಇನ್ಸೋಲ್ ಹೊರಗೆ ತೆಗೆದು, ಒಳಗೆ ಪೇಪರ್ ತುರುಕಿ, ಗಂಟೆಗೊಮ್ಮೆ ಪೇಪರ್ ಬದಲಿಸಿ ಫ್ಯಾನಿನಡಿ ಇಡಿ.

---

ನೀರ್ಚಾಲು_ಬಯಲು

ಉಗುರು ಒತ್ತಿದೆ. ಪುಡಿ ಬಂತು. ಹಾಗಾದರೆ ಹೊಸದೇ. ಕೊನೆಗೆ ಒಂದು: ಅಮ್ಮನ ಸ್ಯಾಂಡಲಿನ ಒಳಗೆ ಜೆಲ್ ಇನ್ಸೋಲ್ ಅಂಟಿಸಿ ಕೊಡಬಹುದೇ? ಅಂಗಡಿಯವರು ತೋರಿಸಿದರು.

---

ಬೇಕಲದ_ಬುರುಜು

ಸ್ಯಾಂಡಲಿಗೆ ಬೇಡ. ಅದಕ್ಕೆ ಬದಿಯ ಗೋಡೆ ಇಲ್ಲ, ಬೆವರಿಗೆ ಅಂಟು ಬಿಟ್ಟು ಜೆಲ್ ಒಂದು ಬದಿಗೆ ಸರಿಯುತ್ತದೆ, ಅಂಚು ಮಡಚಿ ಅದೇ ಎಡವಲು ಕಾರಣ ಆಗುತ್ತದೆ. ಶೂ ಆದರೆ ಇರುವ ಇನ್ಸೋಲನ್ನು ತೆಗೆದೇ ಹೊಸದನ್ನು ಹಾಕಬೇಕು. ಅದರ ಮೇಲೆ ಇದು ಕೂತರೆ ಪಾದ ನಾಲ್ಕೈದು ಮಿ.ಮೀ. ಮೇಲೇಳುತ್ತದೆ, ಹಿಮ್ಮಡಿ ಜಾರುತ್ತದೆ, ಗಂಟು ಮೇಲಿನ ಬಟ್ಟೆಗೆ ತಾಗುತ್ತದೆ. ಜೆಲ್‌ಗಿಂತ ಕಮಾನಿನ ಜಾಗ ಒತ್ತಿದರೆ ಸುಲಭದಲ್ಲಿ ಕುಸಿಯದ ಗಟ್ಟಿ ಇನ್ಸೋಲ್ ಅವರ ನೋವಿಗೆ ಒಳ್ಳೆಯದು. ಅದನ್ನೂ ಹೊರಡುವ ದಿನ ಹಾಕಬೇಡಿ. ಮೊದಲ ದಿನ ಒಂದು ಗಂಟೆ, ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸಿ.